80 ಅಂಕದ ಆಟ ನನಗೂ ಹಿಡಿಸುತ್ತದೆಯೇ?

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯ ಸಣ್ಣ ಕಾಫಿ ಬೆಳೆಗಾರ. ವಯಸ್ಸು 41. ಮಳೆಗಾಲದಲ್ಲಿ ತೋಟದ ಕೆಲಸ ಬೇಗ ಮುಗಿಯುತ್ತದೆ, ಸಂಜೆ ಉದ್ದವಾಗುತ್ತದೆ. ಆಗ ಲ್ಯಾಪ್‌ಟಾಪ್‌ನಲ್ಲಿ ಆಟ ಆಡುವುದು ಅಭ್ಯಾಸ. ಹಿಂದೆ ತಮ್ಮನ ಜೊತೆ ಒಂದೇ ಟಿವಿಯ ಮುಂದೆ ಕುಳಿತು 'ಗೇರ್ಸ್ ಆಫ್ ವಾರ್' ಎಂಬ ಗುಂಡಿನ ಕಾಳಗದ ಆಟ ಆಡುತ್ತಿದ್ದೆ. ಈಗ ಅವನು ಬೆಂಗಳೂರಿನಲ್ಲಿದ್ದಾನೆ. ಒಬ್ಬನೇ ಆಡಲು ಅದೇ ಸರಣಿಯಿಂದ ಕವಲೊಡೆದ 'ಗೇರ್ಸ್ ಟ್ಯಾಕ್ಟಿಕ್ಸ್' ಕೊಳ್ಳೋಣ ಎಂದುಕೊಂಡೆ. ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ 100ಕ್ಕೆ 80ರ ಆಸುಪಾಸಿನಲ್ಲಿದೆ. ಆದರೆ ಆಡಿದವರಲ್ಲಿ ಕೆಲವರು ಹೊಗಳುತ್ತಾರೆ, ಕೆಲವರು 'ಮಾಡಿದ್ದನ್ನೇ ಮಾಡಿಸುತ್ತದೆ' ಎಂದು ಬೈಯುತ್ತಾರೆ. ಹೋದ ವರ್ಷ ಹೀಗೆ ಅಂಕ ನೋಡಿಯೇ ಬೇರೊಂದು ಆಟ ಕೊಂಡು ಮೂರು ಸಂಜೆಗೆ ಕೈಬಿಟ್ಟೆ. ಆ ದುಡ್ಡಿಗೆ ಗೊಬ್ಬರ ಬರುತ್ತಿತ್ತು ಎಂದು ಮನೆಯವಳು ಇಂದಿಗೂ ನೆನಪಿಸುತ್ತಾಳೆ. ವಿಮರ್ಶಕರು ದುಡ್ಡು ತೆಗೆದುಕೊಂಡು ಬರೆಯುತ್ತಾರೆಯೇ? ಮುಖ್ಯ ಸರಣಿಯಿಂದ ಕವಲೊಡೆದ ಆಟವೆಂದರೆ ಎರಡನೇ ದರ್ಜೆಯದೇ? ಇಂಥ ಆಟಗಳಲ್ಲಿ ಗುರಿ ತಾಗುವ ಸಾಧ್ಯತೆ 90 ಪರ್ಸೆಂಟ್ ಎಂದು ತೋರಿಸಿ ಗುಂಡು ತಪ್ಪಿಸುತ್ತಾರಂತೆ, ಅದು ಮೋಸವಲ್ಲವೇ? ನಮ್ಮಲ್ಲಿ ಕರೆಂಟನ್ನೂ ನಂಬುವಂತಿಲ್ಲ, ನೆಟ್ಟನ್ನೂ ನಂಬುವಂತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕಾರು ಇದ್ದರೂ ಅಳುಕು ಒಂದೇ: ಮತ್ತೊಮ್ಮೆ ಗೊಬ್ಬರದ ದುಡ್ಡು ನೀರಿಗೆ ಹೋಗುತ್ತದೆಯೇ ಎಂಬುದು. ಬೆಂಗಳೂರಿನಲ್ಲಿ ಹಲವು ವರ್ಷ ಆಟಗಳನ್ನು ಪರೀಕ್ಷಿಸುವ ಕೆಲಸ ಮಾಡಿದ್ದೇನೆ, ಅಂದರೆ ಒಂದೇ ಹಂತವನ್ನು ದಿನಕ್ಕೆ ಮೂವತ್ತು ಬಾರಿ ಆಡಿ ಎಲ್ಲಿ ಮುರಿಯುತ್ತದೆ ಎಂದು ಹುಡುಕುವ ಕೆಲಸ. ಈಗ ಕುಶಾಲನಗರದಲ್ಲಿ ಕುಳಿತು ಆಟಗಳ ಬಗ್ಗೆ ಬರೆಯುತ್ತೇನೆ. ಎರಡೂ ಬದಿ ಕಂಡವನಾಗಿ ಹೇಳುತ್ತೇನೆ: ವಿಮರ್ಶಕರು ನಿಮಗೆ ಸುಳ್ಳು ಹೇಳಿಲ್ಲ. ಅವರು ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ.

ದುಡ್ಡಿನ ಮಾತನ್ನು ಮೊದಲು ಮುಗಿಸುತ್ತೇನೆ. ಆಟ ಬಿಡುಗಡೆಯಾಗುವ ಮೊದಲೇ ವಿಮರ್ಶಕರಿಗೆ ಉಚಿತ ಪ್ರತಿ ಬರುತ್ತದೆ, ಇಂಥ ದಿನ ಇಂಥ ಗಂಟೆಯವರೆಗೆ ಬರೆಯಬಾರದೆಂಬ ಷರತ್ತೂ ಅದರ ಜೊತೆ ಬರುತ್ತದೆ. ಇದು ಲಂಚವಲ್ಲ, ಈ ವೃತ್ತಿಯ ರೂಢಿ. ಒತ್ತಡವೇ ಇಲ್ಲ ಎಂದೂ ಹೇಳಲಾರೆ. 2007ರಲ್ಲಿ ಅಮೆರಿಕದ ಗೇಮ್‌ಸ್ಪಾಟ್ ತಾಣದ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಒಂದು ಆಟಕ್ಕೆ ಸಾಧಾರಣ ಅಂಕ ಕೊಟ್ಟರು. ಅದೇ ಆಟದ ಜಾಹೀರಾತು ಅದೇ ತಾಣದ ತುಂಬಾ ಇತ್ತು. ಸ್ವಲ್ಪ ದಿನದಲ್ಲೇ ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡವಿತ್ತೆಂದು 2012ರಲ್ಲಿ ಅವರೇ ಬಾಯಿಬಿಟ್ಟರು. ಆದರೆ ಅದು ದೊಡ್ಡ ಸುದ್ದಿಯಾಯಿತು ಎಂಬುದನ್ನೂ ಗಮನಿಸಿ. ದಿನಾ ನಡೆಯುವ ಸಂಗತಿ ಸುದ್ದಿಯಾಗುವುದಿಲ್ಲ. ಹತ್ತಾರು ದೇಶಗಳ ಹತ್ತಾರು ವಿಮರ್ಶಕರನ್ನು ಒಟ್ಟಿಗೆ ಕೊಂಡುಕೊಳ್ಳುವುದು ಯಾವ ಕಂಪನಿಗೂ ಸುಲಭವಲ್ಲ.

ನಿಜವಾದ ತೊಡಕು ಸರಾಸರಿಯಲ್ಲಿದೆ. ನೀವು ಕಾಫಿ ಬೆಳೆಯುವವರು, ಕಪ್ಪಿಂಗ್ ಮೇಜನ್ನು ಒಮ್ಮೆಯಾದರೂ ನೋಡಿರುತ್ತೀರಿ. ಸಾಲಾಗಿ ಲೋಟಗಳು, ಚಮಚದಲ್ಲಿ ಸೊರ್ ಎಂದು ಎಳೆದು ಉಗಿಯುವ ರುಚಿಗಾರರು. ಪರಿಮಳಕ್ಕೆ ಇಷ್ಟು, ಹುಳಿಗೆ ಇಷ್ಟು, ಬಾಯಲ್ಲಿ ಉಳಿಯುವ ರುಚಿಗೆ ಇಷ್ಟು ಎಂದು ಕೂಡಿಸಿ 100ಕ್ಕೆ ಅಂಕ ಕೊಡುತ್ತಾರೆ. 80 ದಾಟಿದರೆ ಅದು ಸ್ಪೆಷಾಲಿಟಿ ಕಾಫಿ, ಬೆಲೆಯೇ ಬೇರೆ. ಎರಡು ತೋಟದ ಕಾಫಿಗೂ 84 ಬಂದಿದೆ ಎನ್ನಿ. ಒಂದಕ್ಕೆ ಹುಳಿಯಿಂದ ಬಂದಿರಬಹುದು, ಇನ್ನೊಂದಕ್ಕೆ ಗಟ್ಟಿತನದಿಂದ. ಚೀಟಿಯಲ್ಲಿ ಮಾತ್ರ ಎರಡೂ 84. ಇನ್ನು ಬೆಳಿಗ್ಗೆ ಎದ್ದು ಬೆಲ್ಲದ ಕಾಫಿ ಕುಡಿಯುವ ನಿಮ್ಮ ಮನೆಯ ಹಿರಿಯರಿಗೆ ಆ ಎರಡನ್ನೂ ಕೊಟ್ಟು ನೋಡಿ. 'ಇದೆಂಥ ಕಾಫಿ' ಎಂದು ಲೋಟ ಕೆಳಗಿಡುತ್ತಾರೆ. ಹಾಗೆಂದು ರುಚಿಗಾರರು ತಪ್ಪು ಹೇಳಿದರೆನ್ನಲಾಗದು, ಹಿರಿಯರ ನಾಲಿಗೆಯನ್ನೂ ದೂರುವಂತಿಲ್ಲ.

ಆಟದ ಅಂಕಗಳಲ್ಲಿ ಇನ್ನೊಂದು ವಿಚಿತ್ರವಿದೆ. ವಿಮರ್ಶಕರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ತಾಣದಲ್ಲಿ ಚಲನಚಿತ್ರಕ್ಕೆ 61 ಬಂದರೆ ಹಸಿರು ಬಣ್ಣ, ಆಟಕ್ಕೆ ಅದೇ ಹಸಿರು ಬೇಕಾದರೆ 75 ಬರಬೇಕು. ಆಟದ ವಿಮರ್ಶಕರು ಮೊದಲಿನಿಂದಲೂ ಧಾರಾಳವಾಗಿ ಅಂಕ ಕೊಡುತ್ತ ಬಂದವರು. ಆದ್ದರಿಂದ 70ರಿಂದ 90ರ ನಡುವಿನ ಇಕ್ಕಟ್ಟಿನಲ್ಲಿಯೇ ಎಲ್ಲ ನಡೆಯುತ್ತದೆ, ಒಂದೊಂದು ಅಂಕಕ್ಕೂ ಸಲ್ಲದ ತೂಕ ಬರುತ್ತದೆ. ಯಾವ ಪತ್ರಿಕೆಗೆ ಎಷ್ಟು ತೂಕ ಎಂಬುದನ್ನು ಆ ತಾಣ ಹೊರಗೆ ಹೇಳುವುದಿಲ್ಲ. ಹೀಗಿದ್ದೂ ಕಂಪನಿಗಳು ಆ ಸಂಖ್ಯೆಗೆ ದುಡ್ಡು ಕಟ್ಟಿ ಕುಳಿತಿವೆ. 2010ರ 'ಫಾಲ್‌ಔಟ್: ನ್ಯೂ ವೇಗಸ್' ಆಟ 85 ಮುಟ್ಟಿದ್ದರೆ ಅದನ್ನು ಮಾಡಿದ ಅಬ್ಸಿಡಿಯನ್ ಸಂಸ್ಥೆಗೆ ಬೋನಸ್ ಇತ್ತು. ಬಂದದ್ದು 84. ಬೋನಸ್ ಇಲ್ಲ. ಪರೀಕ್ಷಕನಾಗಿ ಕೆಲಸ ಮಾಡುವಾಗ ಈ ಕಥೆಯನ್ನು ನಾವು ದೆವ್ವದ ಕಥೆಯಂತೆ ಹೇಳಿಕೊಳ್ಳುತ್ತಿದ್ದೆವು.

ಇನ್ನು ಕವಲು ಆಟದ ವಿಷಯ. ನಿಮ್ಮ ಗೊಂದಲದ ಬೇರು ಇರುವುದು ಇಲ್ಲಿಯೇ. ಕವಲು ಆಟಕ್ಕೆ ಇಬ್ಬಗೆಯ ನೆಂಟರು. ಗೇರ್ಸ್ ಲೋಕವನ್ನು, ಆ ಲ್ಯಾನ್ಸರ್ ಬಂದೂಕಿನ ಗರಗಸವನ್ನು ಪ್ರೀತಿಸಿ ಬಂದವರು ಒಂದು ಕಡೆ. ಎಕ್ಸ್‌ಕಾಮ್‌ನಂಥ ಸರದಿ ಆಟಗಳನ್ನು, ಅಂದರೆ ಚದುರಂಗದಂತೆ ನಾವೊಮ್ಮೆ ಎದುರಾಳಿಯೊಮ್ಮೆ ನಡೆಸುವ ಆಟಗಳನ್ನು, ಆಡಿ ನುರಿತವರು ಇನ್ನೊಂದು ಕಡೆ. ಮೊದಲನೆಯವರು ಇದನ್ನು ತಮ್ಮ ಶೂಟರ್ ಆಟದ ಪಕ್ಕದಲ್ಲಿಟ್ಟು ಅಳೆಯುತ್ತಾರೆ, ಎರಡನೆಯವರು 2016ರ 'ಎಕ್ಸ್‌ಕಾಮ್ 2' ಪಕ್ಕದಲ್ಲಿಟ್ಟು. ಇಬ್ಬರ ಅಂಕವನ್ನೂ ಕೂಡಿಸಿ ಭಾಗಿಸಿದರೆ 80 ಸಿಗುತ್ತದೆ. ಆ 80 ಯಾರ ಅಭಿಪ್ರಾಯವೂ ಅಲ್ಲ.

'ಗೇರ್ಸ್ ಟ್ಯಾಕ್ಟಿಕ್ಸ್' ಪಿಸಿಗೆ ಬಂದದ್ದು 2020ರ ಏಪ್ರಿಲ್ 28ರಂದು. ಮಾಡಿದವರು ಸ್ಪ್ಲಾಶ್ ಡ್ಯಾಮೇಜ್ ಮತ್ತು ದಿ ಕೊಅಲಿಷನ್. ನಾಲ್ಕೇ ದಿನ ಮೊದಲು ಇನ್ನೊಂದು ಕವಲು ಆಟ 'ಎಕ್ಸ್‌ಕಾಮ್: ಕೈಮೆರಾ ಸ್ಕ್ವಾಡ್' ಬಂದಿತ್ತು. ಲಾಕ್‌ಡೌನ್ ಕಾಲ, ಕುಶಾಲನಗರದ ಅಂಚಿನ ಕೊಪ್ಪ ಸೇತುವೆಯ ಆಚೆಗೂ ಹೋಗುವಂತಿರಲಿಲ್ಲ. ಎರಡನ್ನೂ ಒಂದರ ಹಿಂದೊಂದು ಆಡಿದೆ. ಕೈಮೆರಾ ಸ್ಕ್ವಾಡ್ ಮೊದಲ ವಾರ 10 ಡಾಲರ್, ಆಮೇಲೆ 20. ಗೇರ್ಸ್ ಟ್ಯಾಕ್ಟಿಕ್ಸ್ 60 ಡಾಲರ್, ಅಂದರೆ ಮುಖ್ಯ ಸರಣಿಯ ಆಟದ ಪೂರ್ತಿ ಬೆಲೆ. ವಿಮರ್ಶೆಗಳನ್ನು ಓದುವಾಗ ಈ ವ್ಯತ್ಯಾಸ ಕಾಣುತ್ತದೆ. ಅಗ್ಗದ ಆಟದ ಲೋಪಗಳನ್ನು 'ಬೆಲೆಗೆ ತಕ್ಕದ್ದು' ಎಂದು ಮನ್ನಿಸಿದವರೇ ದುಬಾರಿ ಆಟದ ಲೋಪಗಳನ್ನು ಎಣಿಸಿಟ್ಟಿದ್ದಾರೆ. ಇಂದು ನೀವು ಬೇರೆ ಬೆಲೆಗೆ ಕೊಳ್ಳುತ್ತೀರಿ, ಆ ಎಣಿಕೆ ನಿಮಗೆ ಹಾಗೆಯೇ ಅನ್ವಯಿಸುವುದಿಲ್ಲ.

ವಿಮರ್ಶಕರು ಮೆಚ್ಚಿದ್ದೇನೆಂದು ತಿಳಿಯಲು ಒಂದು ಸರದಿಯನ್ನು ಹತ್ತಿರದಿಂದ ನೋಡಬೇಕು. ಎಕ್ಸ್‌ಕಾಮ್‌ನಲ್ಲಿ ಒಬ್ಬ ಸೈನಿಕನಿಗೆ ಒಂದು ಸರದಿಯಲ್ಲಿ ಎರಡು ಕ್ರಿಯೆ. ಸಾಮಾನ್ಯವಾಗಿ ಗುಂಡು ಹಾರಿಸಿದರೆ ಅವನ ಸರದಿ ಮುಗಿಯಿತು. ಗೇರ್ಸ್‌ನಲ್ಲಿ ಮೂರು ಕ್ರಿಯೆ, ಮೂರನ್ನೂ ಗುಂಡಿಗೇ ಬಳಸಬಹುದು, ಓಡಲಿಕ್ಕೇ ಬಳಸಬಹುದು. ನೆಲದ ಮೇಲೆ ಚದುರಂಗದಂಥ ಚೌಕದ ಮನೆಗಳೂ ಇಲ್ಲ, ಬೇಕಾದ ಕಡೆ ನಿಲ್ಲಬಹುದು. ನಿಮ್ಮ ನಾಲ್ವರು ಒಡೆದ ಗೋಡೆಯ ಮರೆಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಎದುರಿನ ಲೋಕಸ್ಟ್ ಎಂಬ ಶತ್ರು ಪಡೆಯವನೊಬ್ಬ ಕಾವಲು ಹೂಡಿ ಕುಳಿತಿದ್ದಾನೆ. ಅವನ ನೋಟ ಎಷ್ಟು ಅಗಲಕ್ಕೆ ಬೀಳುತ್ತದೆ ಎಂಬುದು ನೆಲದ ಮೇಲೆ ಬೀಸಣಿಗೆಯ ಆಕಾರದಲ್ಲಿ ಕಾಣುತ್ತದೆ. ಅದರೊಳಗೆ ಕಾಲಿಟ್ಟರೆ ಗುಂಡು. ಪಿಸ್ತೂಲಿನ ಒಂದು ಹೊಡೆತದಿಂದ ಅವನ ಕಾವಲು ಮುರಿಯುತ್ತೀರಿ. ಇನ್ನೊಬ್ಬನ ಗುಂಡಿಗೆ ಅವನು ಮಂಡಿಯೂರುತ್ತಾನೆ. ಸಾಯಲಿಲ್ಲ, ಕುಸಿದ. ಈಗ ಮೂರನೆಯವನು ಓಡಿಹೋಗಿ ಗರಗಸ ಹಾಕಿದರೆ ಉಳಿದ ಮೂವರಿಗೂ ಒಂದೊಂದು ಕ್ರಿಯೆ ಹೆಚ್ಚಾಗಿ ಸಿಗುತ್ತದೆ. ಹನ್ನೆರಡು ಇದ್ದದ್ದು ಹದಿನೈದಾಯಿತು. ಇನ್ನೊಬ್ಬನನ್ನು ಹಾಗೆಯೇ ಮುಗಿಸಿದರೆ ಹದಿನೆಂಟು. ಮರೆಯಲ್ಲಿ ಮುದುಡಿ ಕುಳಿತವನಿಗೆ ಈ ಆಟ ಏನನ್ನೂ ಕೊಡುವುದಿಲ್ಲ, ಮುನ್ನುಗ್ಗಿದವನಿಗೆ ಕೊಡುತ್ತಲೇ ಹೋಗುತ್ತದೆ. ಸರದಿ ಆಟವೆಂದರೆ ನಿಧಾನ ಎಂಬ ನಂಬಿಕೆಯನ್ನು ಇಷ್ಟು ಸರಳ ನಿಯಮದಿಂದ ತಲೆಕೆಳಗು ಮಾಡಿದ್ದಕ್ಕೆ ಆ 80ರಲ್ಲಿ ಬಹುಪಾಲು ಅಂಕ ಸಂದಿದೆ, ಸಲ್ಲಬೇಕಾದದ್ದೇ. ಮೂಲ ಗೇರ್ಸ್ ಕೂಡ ಮರೆಯಿಂದ ಮರೆಗೆ ಓಡುವ ಆಟವೇ ಆಗಿತ್ತು, ನಿಮಗೆ ಗೊತ್ತು. ಮಂಚದ ಹಿಂದೆ, ಕಂಬದ ಹಿಂದೆ ಅಡಗಿ ತಮ್ಮನಿಗೆ 'ಎಡಕ್ಕೆ ಹೋಗು' ಎಂದು ಕೂಗುತ್ತಿದ್ದಿರಲ್ಲ, ಅದೇ ಲೆಕ್ಕಾಚಾರ. ಇಲ್ಲಿ ಯೋಚಿಸಲು ಸಮಯವಿದೆ ಅಷ್ಟೇ.

ಬೈದವರ ಮಾತೂ ಸುಳ್ಳಲ್ಲ. ಕಥೆ ಮೂರು ಭಾಗದ್ದು. ಮೊದಲ ಭಾಗದ ಕೊನೆಗೆ ಬ್ರೂಮ್ಯಾಕ್ ಎಂಬ ದೈತ್ಯ ಬರುತ್ತದೆ, ಅಲ್ಲಿಯವರೆಗೆ ನನಗೆ ಊಟದ ನೆನಪಾಗಲಿಲ್ಲ. ಆಮೇಲೆ ಕಥೆ ಮುಂದೆ ಹೋಗಬೇಕಾದರೆ ಇಂತಿಷ್ಟು ಉಪ ಕಾರ್ಯಾಚರಣೆಗಳನ್ನು ಕಡ್ಡಾಯವಾಗಿ ಮುಗಿಸಬೇಕು. ಸೆರೆಯಲ್ಲಿರುವವರನ್ನು ಬಿಡಿಸು, ಸಾಮಗ್ರಿ ಕೂಡಿಹಾಕು, ಎರಡು ಜಾಗ ಹಿಡಿದು ನಿಲ್ಲು. ನಕ್ಷೆ ಬದಲಾದರೂ ಕೆಲಸ ಅದೇ. ಇದು ಆಟವನ್ನು ಉದ್ದ ಮಾಡಲು ತುರುಕಿದ ಹೊಟ್ಟು ಎಂದು ನನ್ನ ಖಚಿತ ಅಭಿಪ್ರಾಯ. ಪರೀಕ್ಷಕನಾಗಿದ್ದರೆ ವರದಿಯಲ್ಲಿ ಹಾಗೆಯೇ ಬರೆಯುತ್ತಿದ್ದೆ. ಎಕ್ಸ್‌ಕಾಮ್ ಬಳಗದ ಇನ್ನೊಂದು ದೂರು, ಇಲ್ಲಿ ನೆಲೆ ಕಟ್ಟುವುದು, ಸಂಶೋಧನೆ ಮಾಡುವುದು, ಜಗತ್ತಿನ ನಕ್ಷೆಯ ಮುಂದೆ ತಲೆಕೆರೆದುಕೊಳ್ಳುವುದು ಯಾವುದೂ ಇಲ್ಲವೆಂಬುದು. ಅದು ನನಗೆ ದೂರೆನಿಸುವುದಿಲ್ಲ. ಕಾಳಗಕ್ಕೆ ಬಂದವನಿಗೆ ಕಚೇರಿ ಕೆಲಸ ಏಕೆ?

ಆದರೆ ವಿಮರ್ಶಕರಿಗೆ ಈ ಪುನರಾವರ್ತನೆ ಇಷ್ಟು ಚುಚ್ಚಿದ್ದೇಕೆ ಎಂಬುದನ್ನು ಯೋಚಿಸಿ. ಮೂವತ್ತು ಗಂಟೆಯ ಆಸುಪಾಸಿನ ಆಟವನ್ನು ಅವರು ಗಡುವಿನೊಳಗೆ ನಾಲ್ಕೈದು ದಿನದಲ್ಲಿ ನುಂಗಿರುತ್ತಾರೆ. ಒಂದೇ ಮಧ್ಯಾಹ್ನ ಒಂದೇ ಬಗೆಯ ಐದು ಕಾರ್ಯಾಚರಣೆ ಮಾಡಿದರೆ ಯಾರಿಗೂ ವಾಕರಿಕೆ ಬರುತ್ತದೆ. ನೀವು ಸಂಜೆಗೊಂದು ಆಡುವವರು. ವಾರಕ್ಕೆ ಎರಡು ಬಾರಿ ಹುರುಳಿ ಸಾರು ತಿಂದರೆ ತೊಂದರೆಯಿಲ್ಲ, ಒಂದೇ ದಿನ ಐದು ಹೊತ್ತು ತಿಂದವನ ಮಾತು ಕೇಳಿ ಹುರುಳಿಯನ್ನೇ ಬಿಡಬೇಕಿಲ್ಲ. ಇನ್ನೊಂದು ಸಂಗತಿ: ಆ ವಿಮರ್ಶೆಗಳಲ್ಲಿ ಹೆಚ್ಚಿನವು 2020ರ ಏಪ್ರಿಲ್‌ನವು. ಅದೇ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಎಂಬ ಟಿವಿ ಆಟದ ಯಂತ್ರದ ಆವೃತ್ತಿ ಬಂದಾಗ ಜ್ಯಾಕ್ ಎಂಬ ಹಾರುವ ರೋಬೋಟ್ ಮತ್ತು ಕೆಲವು ಹೊಸ ಶತ್ರುಗಳು ಸೇರಿದವು, ಪಿಸಿಯಲ್ಲೂ ಸಿಕ್ಕವು. ನೀವು ಕೊಳ್ಳುವ ಆಟ, ಅವರು ವಿಮರ್ಶಿಸಿದ ಆಟ ಪೂರ್ತಿ ಒಂದೇ ಅಲ್ಲ.

ಕವಲು ಎಂದರೆ ಎರಡನೇ ದರ್ಜೆ ಎಂಬ ಮಾತನ್ನು ಒಂದೇ ಉದಾಹರಣೆಯಿಂದ ಬದಿಗಿಡಬಹುದು. 2017ರಲ್ಲಿ ಮಾರಿಯೋ ಮತ್ತು ಯುಬಿಸಾಫ್ಟ್‌ನ ಕಿರುಚುವ ಮೊಲಗಳನ್ನು ಸೇರಿಸಿ, ಕೈಗೆ ಬಂದೂಕು ಕೊಟ್ಟು ಸರದಿ ಆಟ ಮಾಡುತ್ತಾರಂತೆ ಎಂಬ ಸುದ್ದಿ ಸೋರಿದಾಗ ನಗದವರಿಲ್ಲ. ನಾನೂ ನಕ್ಕಿದ್ದೆ. ಆಗಸ್ಟ್‌ನಲ್ಲಿ 'ಮಾರಿಯೋ + ರ್‍ಯಾಬಿಡ್ಸ್ ಕಿಂಗ್‌ಡಮ್ ಬ್ಯಾಟಲ್' ಬಂದಾಗ ನಕ್ಕವರೇ ಹೊಗಳಿ ಬರೆದರು. ಇದಕ್ಕೆ ಎದುರಾದ ಕಥೆ 2001ರ 'ಫಾಲ್‌ಔಟ್ ಟ್ಯಾಕ್ಟಿಕ್ಸ್'. ಪತ್ರಿಕೆಗಳು ಒಳ್ಳೆಯ ಮಾತನ್ನೇ ಬರೆದವು. ಮೂಲ ಫಾಲ್‌ಔಟ್‌ನ ಮಾತುಕತೆ, ಊರೂರು ಅಲೆದಾಟ ಬಯಸಿ ಬಂದವರಿಗೆ ಮಾತ್ರ ಬರೀ ಕಾಳಗ ಸಿಕ್ಕಿ ಮುಖ ಸಣ್ಣದಾಯಿತು. ಹೋದ ವರ್ಷ ನಿಮಗಾದದ್ದೂ ಇಂಥದ್ದೇ ಇರಬೇಕೆಂದು ನನ್ನ ಊಹೆ.

ಈಗ 90 ಪರ್ಸೆಂಟಿನ ದೂರು. ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವುದನ್ನು ನೀವು ನೋಡಿಯೇ ಬೆಳೆದವರು. ಊರಿಗೇ ಹೆಸರಾದ ಗುರಿಕಾರನ ಕೈಯೂ ಒಮ್ಮೊಮ್ಮೆ ತಪ್ಪುತ್ತದೆ. ಆಗ ಗಾಳಿ ಎನ್ನುತ್ತೇವೆ, ಕೋವಿ ಎನ್ನುತ್ತೇವೆ, ಮೋಸ ಎನ್ನುವುದಿಲ್ಲ. ಪರದೆಯ ಮೇಲೆ ಸಂಖ್ಯೆ ಬರೆದಿಟ್ಟ ತಕ್ಷಣ ಮನಸ್ಸು ಬೇರೆಯಾಗುತ್ತದೆ. 90 ಎಂದರೆ 'ತಾಗುತ್ತದೆ' ಎಂದು ಓದಿಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ: 90ರ ಗುರಿಯಿಂದ ಇಪ್ಪತ್ತು ಗುಂಡು ಹಾರಿಸಿದರೆ ಇಪ್ಪತ್ತೂ ತಾಗುವ ಸಾಧ್ಯತೆ ನೂರಕ್ಕೆ ಹನ್ನೆರಡು ಮಾತ್ರ. ಅಂದರೆ ಹೆಚ್ಚುಕಡಿಮೆ ಪ್ರತಿ ಸಂಜೆಯೂ ಒಂದಾದರೂ ಗುಂಡು ನಿಮ್ಮ ಹೊಟ್ಟೆ ಉರಿಸಿಯೇ ಉರಿಸುತ್ತದೆ. ತಾಗಿದ ಹದಿನೆಂಟು ಮರೆತುಹೋಗುತ್ತವೆ.

ತಮಾಷೆಯೆಂದರೆ, ಈ ಬಗೆಯ ಆಟಗಳಲ್ಲಿ ಕಳ್ಳಲೆಕ್ಕ ಇದ್ದರೆ ಅದು ಹೆಚ್ಚಾಗಿ ನಿಮ್ಮ ಪರವಾಗಿಯೇ ಇರುತ್ತದೆ. ಎಕ್ಸ್‌ಕಾಮ್‌ನ ಸುಲಭ ಹಂತಗಳಲ್ಲಿ ನಿಮ್ಮ ಗುರಿಗೆ ಗುಟ್ಟಾಗಿ ಒತ್ತಾಸೆ ಕೊಡುತ್ತಾರೆ. ಜಪಾನಿನ 'ಫೈರ್ ಎಂಬ್ಲೆಮ್' ಸರಣಿಯ ಹಲವು ಆಟಗಳು ಹೊಡೆತ ತಾಗಿತೇ ಎಂದು ತೀರ್ಮಾನಿಸಲು ಚೀಟಿ ಎತ್ತಿದಂತೆ ಒಂದರ ಬದಲು ಎರಡು ಸಂಖ್ಯೆ ಎತ್ತಿ ಸರಾಸರಿ ತೆಗೆಯುತ್ತವೆ. ಅಲ್ಲಿ 90 ಎಂದು ಕಂಡದ್ದು ವಾಸ್ತವದಲ್ಲಿ 98ಕ್ಕೂ ಹೆಚ್ಚು. ನಿಜವಾದ ಪಗಡೆಯನ್ನು ಜನ ಮೋಸವೆಂದು ಬೈಯುತ್ತಾರೆ, ಮೋಸದ ಪಗಡೆಯನ್ನು ನ್ಯಾಯವೆಂದು ನಂಬುತ್ತಾರೆ ಎಂಬುದು ಆಟ ಮಾಡುವವರು ಬಹಳ ಹಿಂದೆಯೇ ಕಲಿತ ಪಾಠ. ಮೇಲೆ ಹೇಳಿದ ಮಾರಿಯೋ ಆಟ ಈ ತಲೆನೋವೇ ಬೇಡವೆಂದು ಸೊನ್ನೆ, 50, 100 ಎಂಬ ಮೂರೇ ಲೆಕ್ಕ ಇಟ್ಟುಕೊಂಡಿತು. ಹಾಗಾಗಿ 'ಗುಂಡು ತಪ್ಪುತ್ತದೆ, ಕಂಪ್ಯೂಟರ್ ಕಳ್ಳ' ಎಂದು ಒಂದು ನಕ್ಷತ್ರ ಕೊಟ್ಟವರ ಮಾತನ್ನು ದಾಟಿ ಮುಂದೆ ಹೋಗಿ. ಆಡುಗರ ಅಂಕಗಳಲ್ಲಿ ಸಿಟ್ಟು ಎಷ್ಟು ಬೆರೆಯುತ್ತದೆಂದರೆ, 2020ರಲ್ಲಿ ಮೆಟಾಕ್ರಿಟಿಕ್ ಆಟ ಬಿಡುಗಡೆಯಾದ 36 ಗಂಟೆಗಳವರೆಗೆ ಸಾರ್ವಜನಿಕರು ಅಂಕ ಕೊಡದಂತೆ ತಡೆ ಹಾಕಬೇಕಾಯಿತು. ಆಡದೆಯೇ ಸೊನ್ನೆ ಕೊಡುವವರು ಅಷ್ಟಿದ್ದರು.

ಸರಿ, ಕೊಳ್ಳುವುದಾದರೆ ಹೇಗೆ? ಅಂಕವನ್ನು ಮುಚ್ಚಿಟ್ಟು ಎರಡು ವಿಮರ್ಶೆಗಳ ಬರಹವನ್ನು ಪೂರ್ತಿ ಓದಿ, 70ರ ಒಂದು, 90ರ ಒಂದು. ಬರೆದವನು ಯಾವ ಬಳಗದಿಂದ ಬಂದವನು ಎಂಬುದು ಎರಡನೇ ಪ್ಯಾರಾದೊಳಗೆ ಗೊತ್ತಾಗುತ್ತದೆ. ನಿಮ್ಮಂತೆ ಗೇರ್ಸ್ ಕಡೆಯಿಂದ ಬಂದು ಸರದಿ ಆಟ ಹೊಸದಾಗಿ ಹಿಡಿದವನ ಮಾತಿಗೆ ಹೆಚ್ಚು ಬೆಲೆ ಕೊಡಿ.

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ಹಿಂದಿರುಗುತ್ತದೆ. ನಿಮ್ಮ ಮಟ್ಟಿಗೆ ಎಲ್ಲ ವಿಮರ್ಶೆಗಿಂತ ದೊಡ್ಡ ವಿಮರ್ಶೆ ಈ ಎರಡು ಗಂಟೆ. ಅಪಾಯವೂ ಇದೆ: ಹತ್ತಾರು ಜಿಬಿಯ ಆಟವನ್ನು ನಾಪೋಕ್ಲಿನ ನೆಟ್‌ನಲ್ಲಿ ಇಳಿಸಿಕೊಳ್ಳಲು ದಿನಗಟ್ಟಲೆ ಹಿಡಿಯಬಹುದು, 14 ದಿನ ಅದರಲ್ಲಿಯೇ ಕರಗಬಹುದು. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಳ್ಳೆಯ ಫೈಬರ್ ಇರುವ ನೆಂಟರ ಮನೆಯಲ್ಲಿ ಒಂದು ರಾತ್ರಿ ಲ್ಯಾಪ್‌ಟಾಪ್ ಬಿಟ್ಟು ಬನ್ನಿ. ಮನೆಗೆ ತಂದ ಮೇಲೆ ನೆಟ್ ಇರುವಾಗ ಒಮ್ಮೆ ತೆರೆಯಿರಿ, ಆಮೇಲೆ ನೆಟ್ ತೆಗೆದು ಇನ್ನೊಮ್ಮೆ ತೆರೆದು ನೋಡಿ. ಇದನ್ನು ಮೊದಲ ದಿನವೇ ಮಾಡಿ, ಜುಲೈ ತಿಂಗಳ ಗಾಳಿಗೆ ಮರ ಬಿದ್ದು ತಂತಿ ಹರಿದ ದಿನ ಅಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆಯೇ ಎಂದೂ ನೋಡಿಕೊಳ್ಳಿ. ಇಲ್ಲದಿದ್ದರೆ ಚಿತ್ರ ತೆವಳಬಹುದು, ಆ ಎರಡು ಗಂಟೆಯಲ್ಲೇ ನೋಡಿ ತೀರ್ಮಾನಿಸಿ.

ಗೇಮ್ ಪಾಸ್ ಎಂಬ ಮೈಕ್ರೋಸಾಫ್ಟ್‌ನ ತಿಂಗಳ ಚಂದಾ ಕಟ್ಟಿ ಆಡುವುದು ಇನ್ನೊಂದು ದಾರಿ, ಈ ಆಟ ಮೊದಲ ದಿನದಿಂದಲೇ ಅದರಲ್ಲಿ ಬಂದಿತ್ತು. ಒಂದು ತಿಂಗಳ ದುಡ್ಡಿಗೆ ಮುಗಿಸುವ ವೇಗದವರಿಗೆ ಅದು ಲಾಭ. ಸಂಜೆಗೊಂದು ಕಾರ್ಯಾಚರಣೆಯ ಲೆಕ್ಕದವರಿಗೆ ಅಲ್ಲ, ಮೇಲಾಗಿ ಆಗಾಗ ನೆಟ್ ಬೇಡುತ್ತದೆ. ಅವಸರವಿಲ್ಲದಿದ್ದರೆ ರಿಯಾಯಿತಿಗೆ ಕಾಯಿರಿ. ಹಳೆಯ ಆಟ, ಬೆಲೆ ಚೆನ್ನಾಗಿಯೇ ಇಳಿಯುತ್ತದೆ. ಎಕ್ಸ್‌ಕಾಮ್ 2 ಕೊಂಡರಾಗದೇ ಎಂದು ಕೇಳುವವರಿದ್ದಾರೆ. ಅದು ಇನ್ನೂ ಆಳವಾದ ಆಟ, ಒಪ್ಪುತ್ತೇನೆ. ಹೊಸಬನ ಕೈ ಸುಡುವ ಆಟವೂ ಹೌದು, ಮೂರು ಸಂಜೆಗೆ ಬಿಟ್ಟವರಿಗೆ ಎರಡನೇ ಆಟವಾಗಿ ಅದನ್ನು ನಾನು ಕೊಡುವುದಿಲ್ಲ.

ಪತ್ರದಲ್ಲಿ ನೀವು ಕೇಳದೆ ಬಿಟ್ಟ ಒಂದು ವಿಷಯವಿದೆ. ಅಂಕದಲ್ಲಿ ಅದು ಕಾಣುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಗೇರ್ಸ್ ಟ್ಯಾಕ್ಟಿಕ್ಸ್ ಒಬ್ಬರೇ ಆಡುವ ಆಟ. ಗೇಬ್ ಡಿಯಾಸ್ ಎಂಬ ಸೈನಿಕನ ಕಥೆ, 'ಗೇರ್ಸ್ 5'ರ ನಾಯಕಿ ಕೇಟ್‌ಳ ತಂದೆ ಅವನು. ಕಥೆ ಚೆನ್ನಾಗಿದೆ, ಆದರೆ ಪಕ್ಕದಲ್ಲಿ ತಮ್ಮನಿಗೆ ಜಾಗವಿಲ್ಲ. ನಿಮಗೆ ಬೇಕಾಗಿರುವುದು ಗೇರ್ಸ್ ಲೋಕವಾದರೆ ಮೇಲೆ ಹೇಳಿದಂತೆ ಮಾಡಿ. ಬೇಕಾಗಿರುವುದು ಆ ಟಿವಿಯ ಮುಂದಿನ ಸಂಜೆಗಳಾದರೆ 'ಗೇರ್ಸ್ 5' ಇಳಿಸಿಟ್ಟುಕೊಳ್ಳಿ, ಅದರಲ್ಲಿ ಒಂದೇ ಪರದೆ ಹಂಚಿಕೊಂಡು ಜೊತೆಯಾಗಿ ಕಥೆ ಆಡಬಹುದು. ತಮ್ಮ ಪುತ್ತರಿ ಹಬ್ಬಕ್ಕೆ ಊರಿಗೆ ಬರುತ್ತಾನಲ್ಲ, ಎರಡನೇ ಕಂಟ್ರೋಲರ್ ಅವನೇ ತರಲಿ.